ಉಣ್ಣುವ ನಗರದ ಹಸಿದವರು

ಫ್ರಾನ್ಸ್ ದೇಶದ ಲಿಯೋನ್ ನಗರವನ್ನು ನೋಡಿ ಬಂದವರು ಮೊದಲು ಹೇಳುವುದು ಅಲ್ಲಿನ ಊಟದ ಸುದ್ದಿಯನ್ನು. ಕಳೆದ ಶತಮಾನದ ಮೂವತ್ತರ ದಶಕದಿಂದಲೂ ಆ ನಗರಕ್ಕೆ ಭೋಜನಕಲೆಯ ರಾಜಧಾನಿ ಎಂಬ ಬಿರುದಿದೆ. 2018ರಲ್ಲಿ ತೀರಿಕೊಂಡ ಪಾಲ್ ಬೋಕ್ಯೂಸ್ ಎಂಬ ಜಗತ್ಪ್ರಸಿದ್ಧ ಬಾಣಸಿಗರ ಹೆಸರನ್ನು ಅಲ್ಲಿನ ದೊಡ್ಡ ಮಾರುಕಟ್ಟೆಗೇ ಇಟ್ಟಿದ್ದಾರೆ. ಊಟದ ನಂತರದ ಮಾತು ರೇಷ್ಮೆಯದು. ಆಮೇಲೆ ಡಿಸೆಂಬರ್ 8ರ ಆಸುಪಾಸಿನಲ್ಲಿ ನಡೆಯುವ ದೀಪೋತ್ಸವದ್ದು. ಧರ್ಮಸಭೆಯ ಇತಿಹಾಸದ ಮಾತು ಬರುವುದು ಕೊನೆಗೆ, ಬಂದರೆ ಬಂತು.

ನನ್ನ ಅಭಿಪ್ರಾಯದಲ್ಲಿ ಇವುಗಳನ್ನು ಬೇರೆ ಬೇರೆಯಾಗಿ ನೋಡಲಾಗದು. ಲಿಯೋನಿನಲ್ಲಿ ಕ್ರೈಸ್ತ ವಿಶ್ವಾಸದ ಕಥೆ ಅನ್ನದ ಕಥೆಯೂ ಹೌದು: ಯಾರು ಏನನ್ನು ಉಂಡರು, ಯಾರು ಬಡಿಸಿದರು, ಯಾರು ಹಸಿದುಕೊಂಡೇ ಉಳಿಸಿಕೊಟ್ಟರು ಎಂಬುದರ ಕಥೆ. ಆ ಉಳಿಸಿಕೊಟ್ಟದ್ದರಲ್ಲಿ ಒಂದು ಪಾಲು ನಮ್ಮ ನಾಡಿಗೂ ಬಂದಿದೆ. ಆದ್ದರಿಂದ ಈ ನಗರದ ಬೀದಿಗಳಲ್ಲಿ ನನ್ನೊಡನೆ ಕೆಲಕಾಲ ನಡೆಯಬೇಕೆಂದು ತಮ್ಮನ್ನು ಕೋರುತ್ತೇನೆ.

ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಜಾಗದಲ್ಲಿ ಕ್ರಿ.ಪೂ. 43ರಲ್ಲಿ ರೋಮನರು ಲುಗ್ದುನುಮ್ ಎಂಬ ಊರನ್ನು ಕಟ್ಟಿದರು. ಮುಂದೆ ಅದೇ ಗಾಲ್ ಪ್ರಾಂತ್ಯಗಳ ಪ್ರಧಾನ ನಗರವಾಯಿತು. ನದಿಗಳ ಪಕ್ಕದಲ್ಲಿ ಎರಡು ಬೆಟ್ಟಗಳಿವೆ. ಪಶ್ಚಿಮದ ಫೂರ್ವಿಯೇರ್ ಬೆಟ್ಟದ ಮೇಲೆ ಮಾತೆ ಮರಿಯಮ್ಮನವರ ಮಹಾದೇವಾಲಯ, ಉತ್ತರದ ಕ್ರುವಾ-ರೂಸ್ ಬೆಟ್ಟದ ಮೇಲೆ ನೇಕಾರರ ಮನೆಗಳು. ಊರಿನವರು ಮೊದಲನೆಯದನ್ನು ಪ್ರಾರ್ಥಿಸುವ ಬೆಟ್ಟವೆಂದೂ ಎರಡನೆಯದನ್ನು ದುಡಿಯುವ ಬೆಟ್ಟವೆಂದೂ ಕರೆಯುತ್ತಾರೆ. ಚಂದದ ಮಾತು; ಆದರೆ ಪೂರ್ತಿ ಸತ್ಯವಲ್ಲ. ಲಿಯೋನಿನ ಮೊದಲ ಕ್ರೈಸ್ತರು ಪ್ರಾಣ ಕೊಟ್ಟದ್ದು ಈ ದುಡಿಯುವ ಬೆಟ್ಟದ ಇಳಿಜಾರಿನಲ್ಲಿ.

ಪ್ರವಾಸಿಗಳು ಸಾಮಾನ್ಯವಾಗಿ ಫೂರ್ವಿಯೇರ್ ಬೆಟ್ಟದ ಭವ್ಯವಾದ ರೋಮನ್ ರಂಗಮಂದಿರವನ್ನು ನೋಡಿ, ರಕ್ತಸಾಕ್ಷಿಗಳು ಸತ್ತದ್ದು ಅಲ್ಲೇ ಎಂದು ತಿಳಿದು ಹಿಂದಿರುಗುತ್ತಾರೆ. ಅದು ಬೇರೆ. ತಾವು ಕ್ರುವಾ-ರೂಸಿನ ಇಳಿಜಾರಿಗೆ ಬನ್ನಿ. ಅಲ್ಲಿ ಮನೆಗಳ ನಡುವೆ ಅರ್ಧ ಹೂತುಹೋದಂತಿರುವ ಒಂದು ಕಲ್ಲಿನ ಅಖಾಡವಿದೆ. ಅದು ಮೂರು ಗಾಲ್ ಪ್ರಾಂತ್ಯಗಳ ಅಖಾಡವೆಂಬುದು 1958ರಲ್ಲಿ ಸಿಕ್ಕಿದ ಶಾಸನವೊಂದರಿಂದ ಖಚಿತವಾಯಿತು. ನೋಡಲು ಹೆಚ್ಚೇನೂ ಉಳಿದಿಲ್ಲ. ಅಖಾಡದ ನಡುವೆ ಸಾಕ್ಷಿಗಳ ನೆನಪಿಗಾಗಿ ಒಂದು ಕಂಬವನ್ನು ನೆಟ್ಟಿದ್ದಾರೆ, ಅಷ್ಟೆ.

ಕ್ರಿ.ಶ. 177. ರೋಮಿನಲ್ಲಿ ತತ್ವಜ್ಞಾನಿ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಆಳ್ವಿಕೆ. ಲಿಯೋನ್ ಮತ್ತು ನೆರೆಯ ವಿಯೆನ್ ಪಟ್ಟಣದ ಕ್ರೈಸ್ತರಲ್ಲಿ ಹಲವರು ಏಷ್ಯಾದಿಂದ ಬಂದು ನೆಲಸಿದ ಗ್ರೀಕ್ ಮಾತಿನವರು. ಮೊದಲು ಅವರಿಗೆ ಸ್ನಾನಗೃಹಗಳ, ಪೇಟೆಯ ಪ್ರವೇಶ ನಿಂತಿತು. ಬಳಿಕ ಕಲ್ಲೆಸೆತ, ಬಂಧನ. ಕೆಲವು ಕ್ರೈಸ್ತರ ಮನೆಗಳಲ್ಲಿದ್ದ ಅನ್ಯಧರ್ಮೀಯ ಗುಲಾಮರು ಚಿತ್ರಹಿಂಸೆಗೆ ಹೆದರಿ ತಮ್ಮ ಯಜಮಾನರ ಮೇಲೆ ಭಯಂಕರವಾದ ಆರೋಪವೊಂದನ್ನು ಹೊರಿಸಿದರು: ಇವರು ಗುಟ್ಟಾಗಿ ಸೇರಿ ಮನುಷ್ಯರ ಮಾಂಸ ತಿನ್ನುತ್ತಾರೆ, ಮಕ್ಕಳನ್ನು ಕೊಂದು ತಿನ್ನುತ್ತಾರೆ. ಕ್ರಿಸ್ತನ ಶರೀರ, ಕ್ರಿಸ್ತನ ರಕ್ತ ಎಂಬ ಮಾತುಗಳು ಗೋಡೆಯಾಚೆಗೆ ಅರೆಬರೆಯಾಗಿ ಕೇಳಿಸಿದರೆ ಹೇಗಿರಬಹುದೆಂಬುದನ್ನು ತಾವೇ ಊಹಿಸಿ. ಪರಮಪ್ರಸಾದವೇ ಅಪರಾಧದ ಪುರಾವೆಯಾಯಿತು. ಒಂದು ಜನವನ್ನು ಅದರ ಊಟದ ಎಲೆಯಿಂದ ಅಳೆದು ದೂರವಿಡುವ ಚಾಳಿ ನಮ್ಮ ದೇಶಕ್ಕೂ ಅಪರಿಚಿತವಲ್ಲ. ಆದರೆ ಅದು ಬೇರೆ ಲೇಖನದ ವಿಷಯ.

ಮುಂದೆ ನಡೆದದ್ದನ್ನು ಬದುಕುಳಿದ ವಿಶ್ವಾಸಿಗಳೇ ಏಷ್ಯಾ ಮತ್ತು ಫ್ರಿಜಿಯ ಪ್ರಾಂತ್ಯಗಳ ಸಭೆಗಳಿಗೆ ಪತ್ರದ ಮೂಲಕ ತಿಳಿಸಿದರು. ಆ ಪತ್ರದ ಬಹುಭಾಗವನ್ನು ನಾಲ್ಕನೆಯ ಶತಮಾನದ ಇತಿಹಾಸಕಾರ ಯೂಸೇಬಿಯಸ್ ತನ್ನ ಗ್ರಂಥದಲ್ಲಿ ಸೇರಿಸಿ ಕಾಪಾಡಿದ್ದಾನೆ. ಆದಿಸಭೆಯಿಂದ ನಮಗೆ ದಕ್ಕಿರುವ ಬರಹಗಳಲ್ಲಿ ಇಷ್ಟು ನೇರವಾದ, ಇಷ್ಟು ಪ್ರಾಮಾಣಿಕವಾದ ಇನ್ನೊಂದು ಸಿಗುವುದು ಕಷ್ಟ. ಹೆದರಿ ವಿಶ್ವಾಸವನ್ನು ಅಲ್ಲಗಳೆದವರನ್ನೂ ಅದು ಮುಚ್ಚಿಡುವುದಿಲ್ಲ. ತೊಂಬತ್ತು ದಾಟಿದ ಧರ್ಮಾಧ್ಯಕ್ಷ ಪೊಥಿನಸ್ ಗುಂಪಿನ ಏಟುಗಳಿಂದ ಜರ್ಜರಿತರಾಗಿ ಎರಡು ದಿನಗಳ ನಂತರ ಸೆರೆಯಲ್ಲೇ ಪ್ರಾಣಬಿಟ್ಟರು. ಸಂಕ್ತುಸ್ ಎಂಬ ಧರ್ಮಸೇವಕ ತನ್ನ ಹೆಸರನ್ನಾಗಲಿ ಊರನ್ನಾಗಲಿ ಹೇಳದೆ, ಕೇಳಿದ ಪ್ರತಿಯೊಂದು ಪ್ರಶ್ನೆಗೂ ತಾನು ಕ್ರೈಸ್ತನೆಂಬ ಒಂದೇ ಉತ್ತರ ಕೊಟ್ಟ. ಬಿಬ್ಲಿಸ್ ಎಂಬಾಕೆ ಮೊದಲು ವಿಶ್ವಾಸವನ್ನು ಅಲ್ಲಗಳೆದವಳು. ಇತರರ ಮೇಲೆ ದೂರು ಹೇಳಿಸಲೆಂದು ಆಕೆಯನ್ನು ಮತ್ತೆ ಹಿಂಸಿಸಿದಾಗ ನಿದ್ದೆಯಿಂದ ಎದ್ದವಳಂತೆ ಎಚ್ಚೆತ್ತಳು. ಪ್ರಾಣಿಗಳ ರಕ್ತವನ್ನು ಕೂಡ ಮುಟ್ಟದವರು ಮಕ್ಕಳನ್ನು ತಿಂದಾರೆಯೇ ಎಂದು ಮರುಪ್ರಶ್ನೆ ಹಾಕಿದಳು. ಅಲ್ಲಿಂದ ಸಾಕ್ಷಿಗಳ ಸಾಲಿಗೆ ಸೇರಿದಳು. ಆ ಕಾಲದ ಕ್ರೈಸ್ತರು ರಕ್ತವನ್ನು ತಿನ್ನುತ್ತಿರಲಿಲ್ಲ ಎಂಬ ಸಂಗತಿ ನಮಗೆ ತಿಳಿದಿರುವುದು ಇಂತಹ ಮಾತುಗಳಿಂದಲೇ. ಅತ್ತಾಲುಸ್‌ನನ್ನು ಕಾದ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದಾಗ ಸುಟ್ಟ ಮಾಂಸದ ವಾಸನೆ ಎದ್ದಿತು. ಆತ ಜನಸಮೂಹದತ್ತ ತಿರುಗಿ, ಮನುಷ್ಯರನ್ನು ತಿನ್ನುತ್ತಿರುವವರು ನಾವಲ್ಲ, ನೀವು ಎಂಬರ್ಥದ ಮಾತನಾಡಿದ.

ಇವರೆಲ್ಲರ ನಡುವೆ ಬ್ಲಾಂದೀನಾ. ಆಕೆ ಗುಲಾಮಳು. ಆಕೆಯ ಯಜಮಾನಿಯೂ ಬಂಧಿತರಲ್ಲಿ ಒಬ್ಬಳು. ಇಷ್ಟು ದುರ್ಬಲ ದೇಹದವಳು ತಡೆದುಕೊಂಡಾಳೆಯೇ ಎಂಬುದೇ ಆ ಯಜಮಾನಿಯ ಚಿಂತೆಯಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಸರದಿಯಲ್ಲಿ ಹಿಂಸಿಸಿದವರೇ ದಣಿದು ಕೈಚೆಲ್ಲಿದರು. ಕಂಬಕ್ಕೆ ಕಟ್ಟಿ ಮೃಗಗಳ ಮುಂದೆ ಬಿಟ್ಟ ದಿನ ಮೃಗಗಳು ಆಕೆಯನ್ನು ಮುಟ್ಟಲಿಲ್ಲ. ಹದಿನೈದು ವರ್ಷದ ಪೊಂತಿಕುಸ್ ಎಂಬ ಹುಡುಗನಿಗೆ ಕೊನೆಯವರೆಗೂ ಧೈರ್ಯ ಹೇಳಿದ ಮೇಲೆ ಆಕೆಯನ್ನು ಬಲೆಯಲ್ಲಿ ಕಟ್ಟಿ ಗೂಳಿಯ ಮುಂದೆ ಎಸೆದರು. ಸತ್ತವರ ದೇಹಗಳನ್ನು ಆರು ದಿನ ಕಾವಲಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಪುನರುತ್ಥಾನದ ಆಸೆಯೇ ಇರಬಾರದೆಂಬುದು ಅವರ ಲೆಕ್ಕ. ಸಂಪ್ರದಾಯವು ಈ ಸಾಕ್ಷಿಗಳ ಸಂಖ್ಯೆಯನ್ನು 48 ಎಂದು ಎಣಿಸುತ್ತದೆ. ಒಬ್ಬ ಧರ್ಮಾಧ್ಯಕ್ಷರಿದ್ದ, ಅನುಕೂಲಸ್ಥರೂ ಇದ್ದ ಆ ಗುಂಪಿನಲ್ಲಿ ಊರು ಹೃದಯದಲ್ಲಿಟ್ಟುಕೊಂಡದ್ದು ಮಾತ್ರ ಬೇರೆಯವರ ಮನೆಯ ಕೆಲಸ ಮಾಡುತ್ತಿದ್ದ ಹೆಣ್ಣಿನ ಹೆಸರನ್ನು.

ಆ ಸೆರೆಮನೆಯ ಇನ್ನೊಂದು ಸಣ್ಣ ಪ್ರಸಂಗವನ್ನು ಯೂಸೇಬಿಯಸ್ ಹೇಳುತ್ತಾನೆ. ಪ್ರವಚನಗಳಲ್ಲಿ ಅದನ್ನು ಕೇಳಿದ್ದು ಅಪರೂಪ. ಬಂಧಿತರಲ್ಲಿ ಅಲ್ಸಿಬಿಯಾದೆಸ್ ಎಂಬ ಕಠಿಣ ವ್ರತಿಯೊಬ್ಬನಿದ್ದ. ರೊಟ್ಟಿ ಮತ್ತು ನೀರಿನ ಹೊರತು ಬೇರೇನನ್ನೂ ಮುಟ್ಟದವನು, ಸೆರೆಯಲ್ಲೂ ಅದನ್ನೇ ಮುಂದುವರಿಸಿದ. ಅಖಾಡದಲ್ಲಿ ಮೊದಲ ಸಲ ಹೋರಾಡಿ ಬಂದ ಅತ್ತಾಲುಸ್‌ಗೆ ಒಂದು ಸಂಗತಿ ಪ್ರಕಟವಾಯಿತು: ದೇವರು ಸೃಷ್ಟಿಸಿದ್ದನ್ನು ನಿರಾಕರಿಸಿ ಅಲ್ಸಿಬಿಯಾದೆಸ್ ಒಳ್ಳೆಯದನ್ನು ಮಾಡುತ್ತಿಲ್ಲ, ಇತರರಿಗೂ ಎಡವಲು ಕಾರಣನಾಗುತ್ತಿದ್ದಾನೆ. ಆತ ಒಪ್ಪಿದ. ಅಂದಿನಿಂದ ಎಲ್ಲರೊಡನೆ ಎಲ್ಲವನ್ನೂ ಉಂಡು ದೇವರಿಗೆ ಕೃತಜ್ಞತೆ ಸಲ್ಲಿಸಿದ. ನಾಳೆಯೋ ನಾಡಿದ್ದೋ ಸಾಯಲಿರುವವರು ಊಟದ ವಿಷಯದಲ್ಲಿ ಇಷ್ಟು ಯೋಚಿಸಿದರೇ ಎಂದು ತಮಗೆ ಅನಿಸಬಹುದು. ನನಗಂತೂ ಅದರಲ್ಲಿ ಲಿಯೋನಿನ ಇಡೀ ದೈವಶಾಸ್ತ್ರವೇ ಬೀಜರೂಪದಲ್ಲಿ ಕಾಣುತ್ತದೆ.

ಆ ಬೀಜ ಬೆಳೆದದ್ದು ಸಂತ ಇರೇನಿಯಸರಲ್ಲಿ. ಸ್ಮಿರ್ನಾ ಪಟ್ಟಣದಲ್ಲಿ ಬಾಲಕನಾಗಿದ್ದಾಗ ಸಂತ ಪೊಲಿಕಾರ್ಪರ ಉಪದೇಶ ಕೇಳಿದ್ದ ಇವರು ಲಿಯೋನಿನ ಯಾಜಕರಾಗಿದ್ದರು. ಹಿಂಸೆಯ ಕಾಲದಲ್ಲಿ ಬಂಧಿತರ ಪತ್ರದೊಂದಿಗೆ ರೋಮಿಗೆ ಹೋಗಿದ್ದರು; ಅನಂತರ ಪೊಥಿನಸರ ಪೀಠವೇರಿದರು. ಗುರುಮಠದ ಪಾಠಗಳಲ್ಲಿ ಇರೇನಿಯಸ್ ಎಂದರೆ ಪಾಷಂಡವಾದಗಳನ್ನು ಖಂಡಿಸಿ ಐದು ಸಂಪುಟ ಬರೆದ ಪಂಡಿತರು. ಆದರೆ ಅವರ ಎದುರಾಳಿಗಳು ಹೇಳುತ್ತಿದ್ದುದೇನು? ಈ ಮಣ್ಣು, ಈ ಮೈ, ಈ ಅನ್ನ ಎಲ್ಲವೂ ಯಾವುದೋ ಕೀಳು ದೇವತೆಯ ಕೆಲಸ. ಗೂಢಜ್ಞಾನ ಪಡೆದ ಕೆಲವರು ಮಾತ್ರ ಇದರಿಂದ ಪಾರಾಗುತ್ತಾರೆ ಎಂದು. ಇರೇನಿಯಸರ ಉತ್ತರ ಬಲಿಪೀಠದ ಮೇಲಿತ್ತು. ಈ ಲೋಕದ ಗೋಧಿಯ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ಶರೀರ ಮತ್ತು ರಕ್ತವಾಗುವುದಾದರೆ, ಅವುಗಳಿಂದ ಪೋಷಣೆ ಪಡೆವ ನಮ್ಮ ದೇಹ ನಿಷ್ಪ್ರಯೋಜಕವೆಂದು ಹೇಗೆ ಹೇಳುವಿರಿ ಎಂಬುದು ಅವರ ವಾದ. ನೆರೆಹೊರೆಯ ದೇಹಗಳು ಸುಟ್ಟು ಬೂದಿಯಾಗಿ ನದಿಗೆ ಬಿದ್ದ ಊರಿನಲ್ಲಿ ಕುಳಿತು ಅವರು ಇದನ್ನು ಬರೆದರು. ಜಗದ್ಗುರು ಫ್ರಾನ್ಸಿಸರು 2022ರ ಜನವರಿ 21ರಂದು ಇವರನ್ನು ಧರ್ಮಸಭೆಯ ಆಚಾರ್ಯರೆಂದು, ಐಕ್ಯತೆಯ ಆಚಾರ್ಯರೆಂಬ ಬಿರುದಿನೊಡನೆ, ಘೋಷಿಸಿದರು. ಅವರ ಹೆಸರಿನ ದೇವಾಲಯ ಫೂರ್ವಿಯೇರಿನ ಹಿಂಬದಿಯಲ್ಲಿದೆ. 1562ರ ಧಾರ್ಮಿಕ ಯುದ್ಧದಲ್ಲಿ ಅದು ಧ್ವಂಸಗೊಂಡು ಮತ್ತೆ ಕಟ್ಟಲ್ಪಟ್ಟಿತು.

ಮಧ್ಯಯುಗದ ಲಿಯೋನನ್ನು ಬೇಗ ದಾಟೋಣ. 1245ರಲ್ಲಿ ಮತ್ತು 1274ರಲ್ಲಿ ಇಲ್ಲಿ ಎರಡು ವಿಶ್ವಸಭೆಗಳು ನಡೆದವು. ಎರಡನೆಯದರ ಸಮಯದಲ್ಲೇ ಸಂತ ಬೊನವೆಂತೂರರು ಇಲ್ಲಿ ಕಣ್ಮುಚ್ಚಿದರು. ನಮ್ಮ ದಾರಿ ಮತ್ತೆ ಕ್ರುವಾ-ರೂಸ್ ಬೆಟ್ಟದತ್ತ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೆಟ್ಟವೆಲ್ಲ ಮಗ್ಗದ ಸದ್ದು. ಜಕಾರ್ಡ್ ಮಗ್ಗ ಹುಟ್ಟಿದ್ದು ಇದೇ ಊರಿನಲ್ಲಿ. ಆ ಎತ್ತರದ ಯಂತ್ರ ಹಿಡಿಸಲೆಂದೇ ಮನೆಗಳ ಮಾಳಿಗೆಯನ್ನು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟಿದರು. ಮಗ್ಗದ ಪಕ್ಕದಲ್ಲೇ ಅಡುಗೆ, ಅಟ್ಟದ ಮೇಲೆ ನಿದ್ದೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆಗಳ ಒಳಗಿಂದಲೇ ಹಾದುಹೋಗುವ ತ್ರಾಬೂಲ್ ಎಂಬ ಓಣಿಗಳನ್ನು ಇಂದು ಪ್ರವಾಸಿಗಳು ಕುತೂಹಲದಿಂದ ನೋಡುತ್ತಾರೆ. ಕಾನ್ಯು ಎಂದು ಕರೆಯಲ್ಪಡುತ್ತಿದ್ದ ಆ ನೇಕಾರರ ಸ್ಥಿತಿಯನ್ನು ಮಗ್ಗದ ಊರುಗಳನ್ನು ಕಂಡಿರುವ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ: ಮಗ್ಗ ನೇಕಾರನದು, ನೂಲು ಸಾಹುಕಾರನದು, ಕೂಲಿ ಸಾಹುಕಾರ ಹೇಳಿದಷ್ಟು. 1831ರ ಅಕ್ಟೋಬರಿನಲ್ಲಿ ಕನಿಷ್ಠ ಕೂಲಿಯ ದರಪಟ್ಟಿಯೊಂದು ಒಪ್ಪಿತವಾಯಿತು. ಹಲವು ಸಾಹುಕಾರರು ಅದನ್ನು ಪಾಲಿಸಲು ನಿರಾಕರಿಸಿದರು. ನವೆಂಬರ್ 21ರಂದು ನೇಕಾರರು ಬೆಟ್ಟವಿಳಿದು ಬಂದರು. ದುಡಿಯುತ್ತಾ ಬದುಕುವುದು ಇಲ್ಲವೇ ಹೋರಾಡುತ್ತಾ ಸಾಯುವುದು ಎಂಬುದು ಅವರ ಧ್ವಜದ ಘೋಷಣೆ. ಕೆಲವು ದಿನ ನಗರ ಅವರ ಕೈಯಲ್ಲಿತ್ತು. ಬಳಿಕ ಸುಮಾರು 20,000 ಸೈನಿಕರು ಬಂದರು, ದರಪಟ್ಟಿ ರದ್ದಾಯಿತು. 1834ರ ಏಪ್ರಿಲಿನಲ್ಲಿ ಮತ್ತೆ ದಂಗೆ, ಈ ಸಲ ನೂರಾರು ಜನರ ಸಾವು.

ಇಂದು ಲಿಯೋನಿನಲ್ಲಿ ತಾವು ಬೂಶೋನ್ ಎಂಬ ಸಣ್ಣ ಊಟದ ಮನೆಗಳಿಗೆ ಹೋದರೆ ಮೇಜಿನ ಮೇಲೆ ಬರುವುದು ಬಹುಪಾಲು ಈ ದುಡಿಮೆಗಾರರ ಊಟವೇ. ಕರುಳು, ಜಠರ, ಹಂದಿಯ ಚರ್ಮದ ತುಣುಕುಗಳು; ಸಿರಿವಂತರ ಅಡುಗೆಮನೆಗೆ ಬೇಡವಾದ ಭಾಗಗಳು. ಹಸಿ ಗಿಣ್ಣಿಗೆ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಸೊಪ್ಪು, ಎಣ್ಣೆ ಬೆರೆಸಿ ಕಡೆದ ತಿನಿಸೊಂದಕ್ಕೆ ನೇಕಾರನ ಮಿದುಳು ಎಂದು ಹೆಸರು. ಮಾಂಸ ಕೊಳ್ಳಲಾಗದವರ ಊಟವನ್ನು ಹೀಗೆ ಹೆಸರಿಟ್ಟವರು ಹಾಸ್ಯಪ್ರಿಯರೋ ನಿರ್ದಯರೋ, ಹೇಳುವುದು ಕಷ್ಟ. ಈಗ ಅದಕ್ಕೆ ಒಳ್ಳೆಯ ಬೆಲೆಯಿದೆ.

ಈ ಅಡುಗೆಗೆ ಕೀರ್ತಿ ತಂದವರು ಹೆಂಗಸರು. ಸಿರಿವಂತರ ಮನೆಗಳಲ್ಲಿ ಅಡುಗೆಯವರಾಗಿದ್ದು, ಅಲ್ಲಿಂದ ಹೊರಬಂದು ಸ್ವಂತ ಊಟದ ಮನೆ ತೆರೆದ ಇವರನ್ನು ಊರು ಲಿಯೋನಿನ ತಾಯಂದಿರು ಎಂದು ಕರೆಯಿತು. ಅವರಲ್ಲಿ ಯೂಜೆನಿ ಬ್ರಾಝಿಯೇ ಎಂಬಾಕೆ 1895ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದವಳು. ಹತ್ತರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಳು. ಮದುವೆಯಿಲ್ಲದೆ ಗರ್ಭಿಣಿಯಾದಳೆಂದು ತಂದೆ ಮನೆಯಿಂದ ಹೊರಹಾಕಿದ. ಲಿಯೋನಿಗೆ ಬಂದು ಮನೆಗೆಲಸಕ್ಕೆ ಸೇರಿ, 1921ರಲ್ಲಿ ಸಣ್ಣದೊಂದು ಊಟದ ಮನೆ ತೆರೆದಳು. 1933ರಲ್ಲಿ ಆಕೆಯ ಎರಡು ಊಟದ ಮನೆಗಳಿಗೂ ಮಿಶೆಲಿನ್ ಕೈಪಿಡಿಯ ಮೂರು ಮೂರು ನಕ್ಷತ್ರಗಳು ದೊರೆತವು. ಏಕಕಾಲಕ್ಕೆ ಆರು ನಕ್ಷತ್ರ ಪಡೆದವರಲ್ಲಿ ಆಕೆಯೇ ಮೊದಲಿಗಳು. ಬೋಕ್ಯೂಸ್ ಕೆಲಸ ಕಲಿತದ್ದು ಆಕೆಯ ಒಲೆಯ ಮುಂದೆ. ಇಂಥ ಹೆಣ್ಣುಮಗಳೊಬ್ಬಳು ನಮ್ಮ ಧರ್ಮಕೇಂದ್ರವೊಂದರ ಬಾಗಿಲಿಗೆ ಬಂದರೆ ನಾವು ಮೊದಲು ಏನು ಕೇಳುತ್ತೇವೆ?

ಇನ್ನು ನಮ್ಮ ನಾಡಿಗೆ ಸಂಬಂಧಪಟ್ಟ ಭಾಗ. ಪೋಲೀನ್ ಜಾರಿಕೋ 1799ರಲ್ಲಿ ಲಿಯೋನಿನ ರೇಷ್ಮೆ ವ್ಯಾಪಾರಿಯ ಮಗಳಾಗಿ ಹುಟ್ಟಿದರು. ಹದಿನೇಳರ ವಯಸ್ಸಿನಲ್ಲಿ ಸೇಂಟ್ ನಿಜಿಯೇ ದೇವಾಲಯದಲ್ಲಿ ಆಡಂಬರದ ಬಗ್ಗೆ ಕೇಳಿದ ಪ್ರವಚನ ಅವರನ್ನು ಬದಲಾಯಿಸಿತು. ರೇಷ್ಮೆಯುಡುಪನ್ನು ಬಿಟ್ಟು ಕೆಲಸದ ಹೆಂಗಸರಂತೆ ಉಡತೊಡಗಿದರು. ಪ್ಯಾರಿಸಿನ ಗುರುಮಠದಲ್ಲಿದ್ದ ಅಣ್ಣ ಫಿಲೆಯಾಸ್ ಏಷ್ಯಾದ ಮಿಷನ್ನುಗಳ ಕಡುಬಡತನದ ಬಗ್ಗೆ ಬರೆದರು. ಪೋಲೀನ್ ಸಹಾಯ ಕೇಳಿದ್ದು ರೇಷ್ಮೆ ಕಾರ್ಖಾನೆಯ ಹುಡುಗಿಯರನ್ನು. ವಾರಕ್ಕೊಂದು ಸೂ, ಅಂದರೆ ಫ್ರಾಂಕಿನ ಇಪ್ಪತ್ತನೆಯ ಒಂದು ಭಾಗ, ಜೊತೆಗೆ ದಿನಕ್ಕೊಂದು ಪ್ರಾರ್ಥನೆ. ಒಬ್ಬಳು ಹತ್ತು ಜನರಿಂದ ಸಂಗ್ರಹಿಸಬೇಕು, ಹತ್ತು ಹತ್ತುಗಳಿಗೆ ಒಬ್ಬ ಮುಖ್ಯಸ್ಥೆ, ಹತ್ತು ನೂರುಗಳಿಗೆ ಮತ್ತೊಬ್ಬಳು. ಸಾಹುಕಾರನ ಮಗಳಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಈ ಯೋಜನೆಯ ಆಧಾರದ ಮೇಲೆ 1822ರ ಮೇ 3ರಂದು ಲಿಯೋನಿನಲ್ಲಿ ವಿಶ್ವಾಸಪ್ರಸಾರ ಸಂಘ ಸ್ಥಾಪನೆಯಾಯಿತು. ಮೊದಲ ವರ್ಷದ ಹಣ ಅಮೆರಿಕದ ಲೂಸಿಯಾನ ಮತ್ತು ಕೆಂಟಕಿಗೆ ಹಾಗೂ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಏಷ್ಯಾ ಮಿಷನ್ನುಗಳಿಗೆ ಹಂಚಿಕೆಯಾಯಿತು.

ಆ ಪ್ಯಾರಿಸ್ ಸಂಸ್ಥೆಯ ಸ್ವಾಮಿಗಳೇ ನಮ್ಮ ಮೈಸೂರು ಮಿಷನ್ನನ್ನು ನಡೆಸಿದವರು ಎಂಬುದನ್ನು ತಾವು ಬಲ್ಲಿರಿ. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರಾಂತ್ಯವಾದಾಗ ಶಾರ್ಬೊನ್ನೋ ಸ್ವಾಮಿಗಳು ಅದರ ಹೊಣೆ ಹೊತ್ತರು; 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಲ್ಯಾಟಿನ್ ಕನ್ನಡ ನಿಘಂಟು ಅವರದೇ. ಈ ಮಿಷನ್ನಿಗೂ ಲಿಯೋನಿನ ಸಂಘದ ನೆರವು ಬರುತ್ತಿತ್ತು. ಇಲ್ಲಿನ ಸುದ್ದಿಗಳು ಪತ್ರಗಳಾಗಿ ಅಲ್ಲಿಗೆ ಹೋಗಿ ಸಂಘದ ವಾರ್ತಾಪತ್ರದಲ್ಲಿ ಪ್ರಕಟವಾಗುತ್ತಿದ್ದವು. ನಮ್ಮ ಹಳೆಯ ಚರ್ಚುಗಳ ಗೋಡೆಗಳ ಮೇಲೆ ಕೆಲವು ದಾನಿಗಳ ಹೆಸರುಗಳಿರುತ್ತವೆ. ವಾರಕ್ಕೊಂದು ಸೂ ಕೊಟ್ಟವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಕೂಲಿಗಾಗಿ ಬೀದಿಗಿಳಿದು ಗುಂಡೇಟು ತಿಂದ ಬೆಟ್ಟದ ಜನ ಅವರು. ಒಂದು ಸೂ ಅವರಿಗೆ ರೊಟ್ಟಿಯ ತುಂಡು. ಶುಭಸಂದೇಶದ ವಿಧವೆಯ ಎರಡು ಕಾಸುಗಳನ್ನು ನೆನೆಯುವಾಗಲೆಲ್ಲ ನನಗೆ ಆ ಮಗ್ಗದ ಮನೆಗಳು ನೆನಪಾಗುತ್ತವೆ.

ಪೋಲೀನ್ ಈ ಹಂಗನ್ನು ಮರೆಯಲಿಲ್ಲ. 1831 ಮತ್ತು 1834ರ ದಂಗೆಗಳನ್ನು ಕಣ್ಣಾರೆ ಕಂಡ ಮೇಲೆ, ಹಸಿದವರಿಗೆ ಮೊದಲು ಮರ್ಯಾದೆಯ ಕೆಲಸ ಸಿಗಬೇಕೆಂದು ನಿಶ್ಚಯಿಸಿದರು. 1845ರಲ್ಲಿ ದಕ್ಷಿಣದ ರುಸ್ತ್ರೆಲ್ ಎಂಬಲ್ಲಿ ಕಾರ್ಮಿಕ ಕುಟುಂಬಗಳಿಗಾಗಿ ಕಾರ್ಖಾನೆಯೊಂದನ್ನು ಕೊಂಡರು. ನಂಬಿದವರು ಮೋಸ ಮಾಡಿದರು. ಸಾಲ ಕೊಟ್ಟವರಲ್ಲಿ ಬಡವರೇ ಹಲವರಿದ್ದುದರಿಂದ, ಉಳಿದ ಆಯುಷ್ಯವನ್ನೆಲ್ಲ ಆ ಸಾಲ ತೀರಿಸುವುದರಲ್ಲೇ ಕಳೆದರು. ತಾವು ಹುಟ್ಟುಹಾಕಿದ ಸಂಘದ ಮುಂದೆ ಕೈಚಾಚಿದಾಗ, ಅವರನ್ನು ಸ್ಥಾಪಕಿಯೆಂದು ಒಪ್ಪಿ ನೆರವಾಗಲು ಸಂಘದ ಹಿರಿಯರು ಮುಂದೆ ಬರಲಿಲ್ಲ. ಜಗತ್ತಿನ ಮೂಲೆಮೂಲೆಗೆ ಹಣ ಕಳುಹಿಸುತ್ತಿದ್ದವರ ಈ ನಡೆಯನ್ನು ಯಾವ ಸಮಜಾಯಿಷಿಯೂ ಮೃದುಗೊಳಿಸಲಾರದು. ಕೊನೆಗೆ ಅವರು ನಗರದ ಬಡವರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡರು. 1862ರ ಜನವರಿ 9ರಂದು ತೀರಿಕೊಂಡರು. ಸಂಘ 1922ರಲ್ಲಿ ಜಗದ್ಗುರು ಪೀಠದ ಸಂಸ್ಥೆಯಾಗಿ ರೋಮಿಗೆ ಹೋಯಿತು. ಅಕ್ಟೋಬರ್ ತಿಂಗಳಲ್ಲಿ ನಾವು ಆಚರಿಸುವ ಮಿಷನ್ ಭಾನುವಾರ 1926ರಲ್ಲಿ ಅದರ ಮೂಲಕವೇ ಆರಂಭವಾಯಿತು. 2022ರ ಮೇ 22ರಂದು ಲಿಯೋನಿನಲ್ಲೇ ಪೋಲೀನ್ ಅವರನ್ನು ಪುನೀತರೆಂದು ಘೋಷಿಸಲಾಯಿತು. ಅವರ ಪಾರ್ಥಿವ ಶರೀರ ಸೇಂಟ್ ನಿಜಿಯೇ ದೇವಾಲಯದಲ್ಲಿದೆ.

ಕೊಯಮತ್ತೂರಿನ ಧರ್ಮಾಧ್ಯಕ್ಷರಾಗಿದ್ದ ಮಾರಿಯೋನ್ ಬ್ರೆಸಿಲ್ಯಾಕ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ದೇಶೀಯ ಯಾಜಕರಿಗಾಗಿ ಹಂಬಲಿಸಿದ, ಜಾತಿ ಆಚರಣೆಗಳ ಪ್ರಶ್ನೆಯಿಂದ ಮನಸ್ಸು ಕಲಕಿಹೋಗಿ ಅಧಿಕಾರ ಬಿಟ್ಟ ಅವರು, 1856ರ ಡಿಸೆಂಬರ್ 8ರಂದು ಫೂರ್ವಿಯೇರಿನಲ್ಲಿ ಆಫ್ರಿಕಾ ಮಿಷನ್ ಸಂಸ್ಥೆಯನ್ನು ಆರಂಭಿಸಿದರು. ಮೂರೇ ವರ್ಷಗಳಲ್ಲಿ ಆಫ್ರಿಕಾದ ಫ್ರೀಟೌನಿನಲ್ಲಿ ಮಡಿದರು.

ಬೆಟ್ಟಗಳನ್ನಿಳಿದು ರೋನ್ ನದಿ ದಾಟಿದರೆ ಗಿಯೋತಿಯೇರ್ ಬಡಾವಣೆ. ಅಂದು ಕಾರ್ಖಾನೆ ಕೂಲಿಗಳ ಕೇರಿ. 1856ರ ಪ್ರವಾಹದಲ್ಲಿ ಅಲ್ಲಿನ ಮನೆಗಳು ಕೊಚ್ಚಿಹೋದವು. ಅಲ್ಲಿ ಸಹಾಯಕ ಯಾಜಕರಾಗಿದ್ದ ಆಂತ್ವಾನ್ ಶೆವ್ರಿಯೇ ಅದೇ ವರ್ಷದ ಕ್ರಿಸ್ತಜಯಂತಿಯ ರಾತ್ರಿ ಗೋದಲಿಯ ಮುಂದೆ ಧ್ಯಾನಿಸುತ್ತಾ ಬಡವರೊಡನೆ ಬಡವನಾಗಿ ಬದುಕಲು ತೀರ್ಮಾನಿಸಿದರು. 1860ರಲ್ಲಿ ಪ್ರಾದೋ ಎಂಬ ನೃತ್ಯಶಾಲೆಯೊಂದನ್ನು ಪಡೆದು, ಚಿಕ್ಕಂದಿನಿಂದಲೇ ದುಡಿಮೆಗೆ ಹೋಗಿ ಪ್ರಥಮ ಪರಮಪ್ರಸಾದವನ್ನೂ ಸ್ವೀಕರಿಸದೆ ಉಳಿದಿದ್ದ ಹುಡುಗ ಹುಡುಗಿಯರನ್ನು ಅಲ್ಲಿ ಕೆಲವು ತಿಂಗಳ ಕಾಲ ಇಟ್ಟುಕೊಂಡರು. ಅವರಿಂದ ಯಾವ ಕೆಲಸವನ್ನೂ ಮಾಡಿಸಲಿಲ್ಲ. ಮೊದಲು ಊಟ, ಆಮೇಲೆ ಅಕ್ಷರ, ಧರ್ಮೋಪದೇಶ, ಕೊನೆಗೆ ಬಲಿಪೀಠದ ರೊಟ್ಟಿ.

ನಗರದ ದಕ್ಷಿಣಕ್ಕೆ ಸೇಂಟ್ ಫೋನ್ ಎಂಬ ಊರಿನಲ್ಲಿ ಅವರು ಆಗಾಗ ಏಕಾಂತ ಧ್ಯಾನಕ್ಕೆ ಹೋಗುತ್ತಿದ್ದ ಸಣ್ಣ ಮನೆಯೊಂದಿದೆ. 1866ರಲ್ಲಿ ಅದರ ಗೋಡೆಯ ಮೇಲೆ ಯಾಜಕನ ಜೀವನವನ್ನು ಮೂರು ಭಾಗಗಳಾಗಿ ಬರೆಸಿದರು: ಗೋದಲಿ, ಶಿಲುಬೆ, ಪ್ರಸಾದ ಪೆಟ್ಟಿಗೆ. ಗೋದಲಿಯ ಮುಂದೆ ಯಾಜಕ ಎಲ್ಲವನ್ನೂ ಕಳಚಿಟ್ಟವನಾಗಬೇಕು, ಶಿಲುಬೆಯ ಮುಂದೆ ತನಗೆ ತಾನು ಸತ್ತವನಾಗಬೇಕು, ಪ್ರಸಾದ ಪೆಟ್ಟಿಗೆಯ ಮುಂದೆ ಒಳ್ಳೆಯ ರೊಟ್ಟಿಯಂತೆ ಇತರರಿಗೆ ಆಹಾರವಾಗಬೇಕು ಎಂಬುದು ಅದರ ತಾತ್ಪರ್ಯ. ಯಾಜಕನೆಂದರೆ ಜನರು ತಿನ್ನುವ ಮನುಷ್ಯ! ಎರಡನೆಯ ಶತಮಾನದಲ್ಲಿ ಆ ಊರಿನ ಜನ ಕ್ರೈಸ್ತರ ಮೇಲೆ ಹೊರಿಸಿದ ಆರೋಪವನ್ನೇ ತಿರುಗಿಸಿ ತಮ್ಮ ಮೇಲೆ ಹೊತ್ತುಕೊಂಡಂತೆ ಈ ಮಾತು ನನಗೆ ಕೇಳಿಸುತ್ತದೆ. ಸಂತ ಎರಡನೇ ಜಾನ್ ಪೌಲರು 1986ರ ಅಕ್ಟೋಬರ್ 4ರಂದು ಲಿಯೋನಿಗೆ ಬಂದಾಗ, ಶೆವ್ರಿಯೇ ಅವರನ್ನು ಪುನೀತರೆಂದು ಘೋಷಿಸಿದ್ದೂ ಮೂರು ಗಾಲ್‌ಗಳ ಅಖಾಡದಲ್ಲಿ ಇತರ ಸಭೆಗಳವರೊಡನೆ ಪ್ರಾರ್ಥಿಸಿದ್ದೂ ಒಂದೇ ದಿನ.

ಸೇಂಟ್ ಫೋನ್ ಈಗ ರಾಸಾಯನಿಕ ಕಾರ್ಖಾನೆಗಳ ನಡುವಿನ ಊರು. ಅಲ್ಲಿ ಹೆಸರಾಂತ ಊಟದ ಮನೆಗಳಿಲ್ಲ. ತಾವು ಅಲ್ಲಿಗೆ ಹೋಗುವುದಾದರೆ, ಪ್ರಾದೋ ಯಾಜಕರಿಗೆ ಮುಂಚಿತವಾಗಿ ತಿಳಿಸಿ ಹೋಗುವುದು ಒಳ್ಳೆಯದು.